ಬೌಡಿಕಾ ದಂಗೆಯ ಹಿಂದಿದ್ದ ಸಾಲ, ಜಮೀನು, ಕಂದಾಯ

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಪಕ್ಕ ಒಂದು ದೊಡ್ಡ ಕಂಚಿನ ಪ್ರತಿಮೆ ಇದೆ. ರಥದ ಮೇಲೆ ಈಟಿ ಹಿಡಿದು ನಿಂತ ರಾಣಿ, ಜೊತೆಗೆ ಇಬ್ಬರು ಹೆಣ್ಣುಮಕ್ಕಳು. ಅವಳೇ ಬೌಡಿಕಾ. ಕ್ರಿ.ಶ. 60-61ರಲ್ಲಿ ಬ್ರಿಟನ್ನಿನಲ್ಲಿ ರೋಮನ್ನರ ಮೂರು ಊರುಗಳನ್ನು ಸುಟ್ಟ ಕೆಲ್ಟಿಕ್ ರಾಣಿ. ಅವಳ ಕಥೆ ಹೇಳುವವರು ಅವಮಾನ, ಸೇಡು, ಶೌರ್ಯ ಎಂದು ಹೇಳಿ ಮುಗಿಸುತ್ತಾರೆ. ಅವಮಾನ ನಿಜ, ಶೌರ್ಯವೂ ನಿಜ. ಆದರೆ ಒಬ್ಬ ರಾಣಿಗೆ ಅವಮಾನವಾಯಿತು ಅಂತ ಪಕ್ಕದ ಬುಡಕಟ್ಟಿನ ಜನರೂ ಆಯುಧ ಹಿಡಿದು ಬಂದದ್ದು ಯಾಕೆ? ಇದಕ್ಕೆ ಉತ್ತರ ಬೇಕಾದರೆ ಸಾಲ, ಜಮೀನು, ಕಂದಾಯದ ಕಡೆ ನೋಡಬೇಕು.

ರೋಮ್ ಚಕ್ರವರ್ತಿ ಕ್ಲಾಡಿಯಸ್ ಬ್ರಿಟನ್ನಿಗೆ ಸೈನ್ಯ ಕಳಿಸಿದ್ದು ಕ್ರಿ.ಶ. 43ರಲ್ಲಿ. ಎಲ್ಲ ಬುಡಕಟ್ಟುಗಳೂ ಅವನನ್ನು ಎದುರಿಸಲಿಲ್ಲ. ಕ್ಯಾರಟಕಸ್ ಎಂಬ ನಾಯಕ ಪಶ್ಚಿಮದ ಗುಡ್ಡಗಳಿಗೆ ಹೋಗಿ, ಇವತ್ತಿನ ವೇಲ್ಸ್‌ನ ಬುಡಕಟ್ಟುಗಳನ್ನು ಸೇರಿಸಿಕೊಂಡು ವರ್ಷಗಟ್ಟಲೆ ಹೋರಾಡಿದ. ಕೊನೆಗೆ ಅವನನ್ನು ಹಿಡಿದುಕೊಟ್ಟದ್ದು ರೋಮನ್ನರ ಪರ ಇದ್ದ ಕೆಲ್ಟಿಕ್ ರಾಣಿ ಕಾರ್ಟಿಮಾಂಡುವಾ. ಪೂರ್ವದಲ್ಲಿ, ಇವತ್ತಿನ ನಾರ್ಫೋಕ್ ಕಡೆ ಇದ್ದ ಐಸೀನಿ ಬುಡಕಟ್ಟು ಮೊದಲೇ ರೋಮ್ ಜೊತೆ ರಾಜಿ ಮಾಡಿಕೊಂಡಿತ್ತು. ಆದರೆ 47ರಲ್ಲಿ ರೋಮನ್ ಅಧಿಪತಿ ಇವರ ಆಯುಧಗಳನ್ನೂ ಕಿತ್ತುಕೊಳ್ಳಲು ಹೊರಟ. ಐಸೀನಿಗಳು ಒಮ್ಮೆ ತಿರುಗಿಬಿದ್ದು ಸೋತರು. ಆಮೇಲೂ ಸಾಮಂತ ರಾಜ್ಯವಾಗಿಯೇ ಉಳಿದರು. ಅವರ ರಾಜ ಪ್ರಸುಟಾಗಸ್, ಅವನ ಹೆಂಡತಿ ಬೌಡಿಕಾ.

ಪ್ರಸುಟಾಗಸ್ ಸಾಯುವ ಮುಂಚೆ ಒಂದು ಉಯಿಲು ಬರೆದಿಟ್ಟ. ತನ್ನ ಇಬ್ಬರು ಹೆಣ್ಣುಮಕ್ಕಳ ಜೊತೆ ಚಕ್ರವರ್ತಿ ನೀರೊನನ್ನೂ ವಾರಸುದಾರನಾಗಿ ಸೇರಿಸಿದ. ಚಕ್ರವರ್ತಿಗೂ ಪಾಲು ಕೊಟ್ಟರೆ ಉಳಿದದ್ದಾದರೂ ಮಕ್ಕಳಿಗೆ ದಕ್ಕೀತು ಎಂಬ ಲೆಕ್ಕಾಚಾರ ಅದು. ಆದದ್ದೇ ಬೇರೆ. ರೋಮನ್ನರು ಇಡೀ ರಾಜ್ಯವನ್ನೇ ಯುದ್ಧದಲ್ಲಿ ಗೆದ್ದ ಹಾಗೆ ದೋಚಿದರು. ಬೌಡಿಕಾಗೆ ಚಾಟಿಯೇಟು ಬಿತ್ತು, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವಾಯಿತು. ಬುಡಕಟ್ಟಿನ ದೊಡ್ಡ ಮನೆತನಗಳ ಪಿತ್ರಾರ್ಜಿತ ಜಮೀನನ್ನೂ ಕಿತ್ತುಕೊಂಡರು.

ಅದೇ ಹೊತ್ತಿಗೆ ಸಾಲ ವಸೂಲಿಯೂ ಶುರುವಾಯಿತು. ಕ್ಲಾಡಿಯಸ್ ಹಿಂದೆ ಬ್ರಿಟನ್ನಿನ ಮುಖಂಡರಿಗೆ ಕೊಟ್ಟಿದ್ದ ಹಣವನ್ನು ಪ್ರಾಂತ್ಯದ ಖಜಾನೆ ನೋಡಿಕೊಳ್ಳುತ್ತಿದ್ದ ಕ್ಯಾಟಸ್ ಡೆಸಿಯಾನಸ್ ವಾಪಸ್ ಕೇಳಿದ. ನೀರೊನ ಗುರು, ತತ್ವಜ್ಞಾನಿ ಸೆನೆಕಾ ಬ್ರಿಟನ್ನರಿಗೆ 4 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಸಾಲ ಕೊಟ್ಟಿದ್ದ, ಬಡ್ಡಿಯ ಆಸೆಗೆ. ಅದನ್ನೂ ಒಂದೇ ಸಲಕ್ಕೆ ವಾಪಸ್ ಕೇಳಿದ ಎಂದು ಇತಿಹಾಸಕಾರ ಕ್ಯಾಸಿಯಸ್ ಡಿಯೊ ಬರೆಯುತ್ತಾನೆ. ಡಿಯೊ ಇದನ್ನು ಬರೆದದ್ದು ನೂರೈವತ್ತು ವರ್ಷ ಕಳೆದ ಮೇಲೆ, ಅವನಿಗೆ ಸೆನೆಕಾನ ಮೇಲೆ ಒಳ್ಳೆಯ ಅಭಿಪ್ರಾಯವೂ ಇರಲಿಲ್ಲ. ಮೊತ್ತವನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು.

ಸಾಲ ಮಾತ್ರ ಸುಮ್ನೆ ಕಟ್ಟಿದ ಕಥೆಯಲ್ಲ. 2010ರ ನಂತರ ಲಂಡನ್ನಿನ ಬ್ಲೂಮ್‌ಬರ್ಗ್ ಕಟ್ಟಡದ ಜಾಗದಲ್ಲಿ ಅಗೆದಾಗ ಕೆಸರಿನಲ್ಲಿ ನಾನೂರಕ್ಕೂ ಹೆಚ್ಚು ಮರದ ಹಲಗೆಗಳು ಸಿಕ್ಕಿದವು. ಇವುಗಳ ಮೇಲೆ ಮೇಣ ಮೆತ್ತಿ, ಲೋಹದ ಕಡ್ಡಿಯಿಂದ ಬರೆಯುತ್ತಿದ್ದರು. ಮೇಣ ಹೋಗಿದೆ, ಕಡ್ಡಿ ಮರಕ್ಕೆ ತಾಗಿದ ಗೀರುಗಳು ಉಳಿದಿವೆ. ಅದರಲ್ಲಿ ಒಂದರ ತಾರೀಖು ಕ್ರಿ.ಶ. 57ರ ಜನವರಿ 8. ಟಿಬುಲ್ಲಸ್ ಎಂಬವನು ಗ್ರಾಟಸ್ ಎಂಬವನಿಂದ ಸರಕು ಕೊಂಡು, 105 ಡೆನಾರಿ (ರೋಮನ್ ಬೆಳ್ಳಿ ನಾಣ್ಯ) ಬಾಕಿ ಇದೆ ಎಂದು ಬರೆದುಕೊಟ್ಟ ಪತ್ರ ಅದು. ದಂಗೆಗೆ ಮೂರ್ನಾಲ್ಕು ವರ್ಷ ಮುಂಚೆಯೇ ಲಂಡನ್ನಿನಲ್ಲಿ ವ್ಯವಹಾರ ಪತ್ರ ಬರೆಸಿಕೊಳ್ಳುವ ಮಟ್ಟಕ್ಕೆ ಬಂದಿತ್ತು.

ದಕ್ಷಿಣದ ಟ್ರಿನೋವಾಂಟಿಸ್ ಬುಡಕಟ್ಟಿಗೆ ಜಮೀನಿನ ನೋವಿತ್ತು. ಅವರ ನೆಲದ ಕ್ಯಾಮುಲೊಡುನಮ್‌ನಲ್ಲಿ, ಅಂದರೆ ಇವತ್ತಿನ ಕೋಲ್ಚೆಸ್ಟರ್‌ನಲ್ಲಿ, ರೋಮ್ ತನ್ನ ನಿವೃತ್ತ ಸೈನಿಕರಿಗೆ ಜಾಗ ಕೊಟ್ಟಿತ್ತು. ಅವರು ಕೊಟ್ಟಷ್ಟಕ್ಕೆ ನಿಲ್ಲದೆ ಜನರನ್ನು ಮನೆ, ಹೊಲಗಳಿಂದ ಓಡಿಸಿದರು. ಜೊತೆಗೆ ಕ್ಲಾಡಿಯಸ್‌ನಿಗೊಂದು ದೊಡ್ಡ ದೇವಾಲಯ, ಅದರ ಖರ್ಚಿನ ಹೊರೆ ಸ್ಥಳೀಯರ ತಲೆಗೆ. ಹೀಗೆ ಹೊಲ ಕಳೆದುಕೊಂಡವನಿಗೆ ಬೌಡಿಕಾಳ ಕರೆ ಬೇರೆಯವರ ಜಗಳ ಅನ್ನಿಸುವುದು ಸಾಧ್ಯವೇ ಇರಲಿಲ್ಲ ಅಲ್ವಾ?

ದಂಗೆ ಎದ್ದಾಗ ಅಧಿಪತಿ ಸ್ಯೂಟೋನಿಯಸ್ ಪೌಲಿನಸ್ ದೂರದ ಮೋನಾ ದ್ವೀಪದಲ್ಲಿದ್ದ, ಅಂದರೆ ವೇಲ್ಸ್ ಪಕ್ಕದ ಇವತ್ತಿನ ಆಂಗಲ್ಸಿಯಲ್ಲಿ. ಡ್ರೂಯಿಡ್ ಎಂಬ ಕೆಲ್ಟಿಕ್ ಪುರೋಹಿತರಿದ್ದ ಆ ಜಾಗವನ್ನು ಹಿಡಿಯಲು ಹೋಗಿದ್ದ. ಕ್ಯಾಮುಲೊಡುನಮ್‌ಗೆ ಕೋಟೆ ಗೋಡೆಯೇ ಇರಲಿಲ್ಲ. ಸಹಾಯ ಕೇಳಿದರೆ ಡೆಸಿಯಾನಸ್ ಕಳಿಸಿದ್ದು ಸುಮಾರು 200 ಜನರನ್ನು, ಅವರಿಗೂ ಸರಿಯಾದ ಆಯುಧಗಳಿಲ್ಲ. ಉಳಿದವರು ಕ್ಲಾಡಿಯಸ್ ದೇವಾಲಯದೊಳಗೆ ಸೇರಿಕೊಂಡರು. ಅದು ಎರಡೇ ದಿನಕ್ಕೆ ಬಿತ್ತು. ಬಿಡಿಸಲು ಬಂದ ಒಂಬತ್ತನೇ ಲೀಜನ್ ಎಂಬ ರೋಮನ್ ಸೇನಾಪಡೆಯ ಕಾಲಾಳುಗಳು ಸತ್ತರು. ಡೆಸಿಯಾನಸ್ ಸಮುದ್ರ ದಾಟಿ ಗಾಲ್‌ಗೆ, ಅಂದರೆ ಇವತ್ತಿನ ಫ್ರಾನ್ಸ್ ಕಡೆಗೆ ಓಡಿಹೋದ. ಆಮೇಲೆ ಲಂಡನ್, ಅದಾದ ಮೇಲೆ ವೆರುಲೇಮಿಯಂ (ಇವತ್ತಿನ ಸೇಂಟ್ ಆಲ್ಬನ್ಸ್) ಸುಟ್ಟುಹೋದವು.

ಆ ಬೆಂಕಿಯ ಕೆಂಪು ಪದರ ಲಂಡನ್, ಕೋಲ್ಚೆಸ್ಟರ್‌ಗಳ ನೆಲದಡಿ ಇವತ್ತಿಗೂ ಸಿಗುತ್ತದೆ. 2014ರಲ್ಲಿ ಕೋಲ್ಚೆಸ್ಟರ್ ಪೇಟೆಬೀದಿಯ ಒಂದು ಅಂಗಡಿಯ ಕೆಳಗೆ, ಸುಟ್ಟ ಮನೆಯೊಂದರ ನೆಲದಲ್ಲಿ ಹೂತಿಟ್ಟ ಚಿನ್ನದ ಬಳೆ, ಓಲೆಗಳು ಸಿಕ್ಕಿದವು. ಅಲ್ಲೇ ಕರಕಲಾದ ಖರ್ಜೂರ, ಅಂಜೂರವೂ ಇದ್ದವು. ಒಡವೆ ಹೂತಿಟ್ಟವರು ವಾಪಸ್ ಬರಲಿಲ್ಲ. ಮೂರು ಊರುಗಳಲ್ಲಿ 70,000 ಜನ ಸತ್ತರು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಅಂಕಿ ಜಾಸ್ತಿಯೇ ಇರಬಹುದು. ಆದರೆ ದಂಗೆಕೋರರು ಸೆರೆ ಹಿಡಿಯಲಿಲ್ಲ, ಕೈಗೆ ಸಿಕ್ಕವರನ್ನೆಲ್ಲ ಕೊಂದರು ಎಂಬುದನ್ನು ಮುಚ್ಚಿಡುವುದು ತಪ್ಪು.

ಕೊನೆಯ ಯುದ್ಧದಲ್ಲಿ ಸುಮಾರು 10,000 ರೋಮನ್ನರು ಇಕ್ಕಟ್ಟಾದ ಜಾಗ ಆರಿಸಿ ನಿಂತರು. ಬ್ರಿಟನ್ನರು ಯುದ್ಧ ನೋಡಲು ಹೆಂಡತಿ ಮಕ್ಕಳನ್ನೂ ಬಂಡಿಗಳಲ್ಲಿ ಕರೆತಂದಿದ್ದರು. ಸೋತು ಓಡುವಾಗ ಆ ಬಂಡಿಗಳೇ ದಾರಿಗೆ ಅಡ್ಡವಾದವು. ಬೌಡಿಕಾ ವಿಷ ಕುಡಿದಳು ಎನ್ನುತ್ತಾನೆ ಟ್ಯಾಸಿಟಸ್, ಕಾಯಿಲೆಯಿಂದ ಸತ್ತಳು ಎನ್ನುತ್ತಾನೆ ಡಿಯೊ. ರೋಮನ್ನರ ದವಸವನ್ನೇ ದೋಚಿ ತಿನ್ನುವ ನಂಬಿಕೆಯಲ್ಲಿ ಜನ ಆ ವರ್ಷ ಬಿತ್ತನೆಯನ್ನೇ ಮಾಡಿರಲಿಲ್ಲ. ಕತ್ತಿಯ ಜೊತೆ ಹಸಿವೂ ಅವರನ್ನು ಕೊಂದಿತು.

ಸ್ಯೂಟೋನಿಯಸ್ ಊರೂರು ಸುಡುತ್ತಾ ಸೇಡು ತೀರಿಸಿಕೊಳ್ಳುತ್ತಿದ್ದ. ಅವನನ್ನು ತಡೆದದ್ದು ಡೆಸಿಯಾನಸ್‌ನ ಜಾಗಕ್ಕೆ ಬಂದ ಜೂಲಿಯಸ್ ಕ್ಲಾಸಿಸಿಯಾನಸ್. ಇವನು ಗಾಲ್ ಕಡೆಯವನು, ಒಂದು ಶತಮಾನ ಹಿಂದೆ ರೋಮನ್ ಸೇನಾಪತಿ ಜೂಲಿಯಸ್ ಸೀಸರ್ ಗೆದ್ದ ಜನರ ಪೈಕಿ. ಈ ಅಧಿಪತಿ ಇರುವವರೆಗೆ ಯುದ್ಧ ಮುಗಿಯುವುದಿಲ್ಲ ಎಂದು ಅವನು ರೋಮ್‌ಗೆ ಬರೆದ. ಊರು ಸುಟ್ಟರೆ ಕಂದಾಯ ಎಲ್ಲಿಂದ ಬರಬೇಕು? ನೀರೊ ತನಿಖೆಗೆ ಆಳು ಕಳಿಸಿದ, ಆಮೇಲೆ ಒಂದು ನೆಪ ಹುಡುಕಿ ಸ್ಯೂಟೋನಿಯಸ್‌ನನ್ನು ವಾಪಸ್ ಕರೆಸಿಕೊಂಡ. ಬ್ಲೂಮ್‌ಬರ್ಗ್ ಜಾಗದಲ್ಲಿ ಸಿಕ್ಕ, 62ರ ಅಕ್ಟೋಬರ್ 21ರ ಇನ್ನೊಂದು ಹಲಗೆಯಲ್ಲಿ, ವೆರುಲೇಮಿಯಂನಿಂದ ಲಂಡನ್ನಿಗೆ 20 ಹೇರು ದಿನಸಿ ಸಾಗಿಸುವ ಕರಾರು ಇದೆ. ಅಷ್ಟು ಬೇಗ ವ್ಯಾಪಾರ ಮತ್ತೆ ಎದ್ದು ನಿಂತಿತ್ತು. ಐಸೀನಿಗಳ ರಾಜಮನೆತನ ಮಾತ್ರ ಮತ್ತೆ ಏಳಲಿಲ್ಲ. ಅವರ ನೆಲದಲ್ಲಿ ವೆಂಟಾ ಐಸೆನೋರಂ ಎಂಬ ಸಣ್ಣ ರೋಮನ್ ಊರು ಹುಟ್ಟಿತು, ಆ ಸೀಮೆಯ ಆಡಳಿತ ಅಲ್ಲಿಂದ ನಡೆಯತೊಡಗಿತು.