ಎಂಟು ಸಂದರ್ಶನಗಳಿಗೆ ಶೇಕಡಾವಾರು ಏಕೆ?

ಪ್ರಬಂಧ ಒಪ್ಪಿಸುವ ದಿನ ಹತ್ತಿರವಾದಂತೆ ಮನೋವಿಜ್ಞಾನದ ವಿದ್ಯಾರ್ಥಿಗಳೊಂದಿಗೆ ನನಗೆ ಪ್ರತಿ ವರ್ಷ ಇದೇ ಜಗಳ. ಮರೆವಿನ ಕಾಯಿಲೆಯ ಹಿರಿಯರನ್ನು ನೋಡಿಕೊಳ್ಳುವ ಎಂಟು ಮಂದಿಯನ್ನು ಮಾತನಾಡಿಸಿ ಬಂದ ವಿದ್ಯಾರ್ಥಿನಿಯೊಬ್ಬಳು, ‘ಶೇ 62.5ರಷ್ಟು ಆರೈಕೆದಾರರು ಒಂಟಿತನ ಅನುಭವಿಸುತ್ತಿದ್ದಾರೆ’ ಎಂದು ಬರೆದಿದ್ದಳು. ಎಂಟರಲ್ಲಿ ಐವರು. ಲೆಕ್ಕ ಸರಿ, ವಾಕ್ಯ ತಪ್ಪು.

ಉಳಿದ ಮೂವರನ್ನು ಆಕೆ ಒಂಟಿತನದ ಬಗ್ಗೆ ಕೇಳಿಯೇ ಇರಲಿಲ್ಲ! ಪ್ರಶ್ನಾವಳಿಯಲ್ಲಿ ಎಲ್ಲರಿಗೂ ಒಂದೇ ಪ್ರಶ್ನೆ ಹೋಗುತ್ತದೆ. ಅಲ್ಲಿ ‘ಇಲ್ಲ’ ಎಂಬ ಉತ್ತರಕ್ಕೂ ತೂಕವಿದೆ. ಸಂದರ್ಶನದಲ್ಲಿ ಎದುರಿನವರ ಮಾತು ಹೋದ ದಾರಿಯಲ್ಲಿ ನಾವೂ ಹೋಗುತ್ತೇವೆ. ಯಾರಾದರೂ ಒಂದು ವಿಷಯ ಎತ್ತದಿದ್ದರೆ ಮಾತು ಆ ಕಡೆ ಹೊರಳಲಿಲ್ಲ ಎಂದಷ್ಟೇ ಅರ್ಥ. ಅದನ್ನು ‘ಇಲ್ಲ’ ಎಂದು ಎಣಿಸುವಂತಿಲ್ಲ. ಮೇಲಾಗಿ, ಆ ಎಂಟು ಮಂದಿಯನ್ನು ಆರಿಸಿದ್ದೇ ಅನುಭವವನ್ನು ಬಿಡಿಸಿ ಹೇಳಬಲ್ಲರು ಎಂಬ ಕಾರಣಕ್ಕೆ. ಅವರ ಮೇಲಿಂದ ಎಲ್ಲ ಆರೈಕೆದಾರರ ಲೆಕ್ಕ ಹಾಕುವುದು ಹೇಗೆ?

ಅದೇ ಕಡತದಲ್ಲಿ ಸೊಸೆಯೊಬ್ಬರ ಮಾತಿತ್ತು: ‘ಅತ್ತೆಗೆ ನಾನು ಯಾರೆಂದು ಗೊತ್ತಿಲ್ಲ. ಆದರೂ ನಾನು ಕಲಸಿ ಕೊಟ್ಟರೆ ಮಾತ್ರ ಉಣ್ಣುತ್ತಾರೆ. ಒಂದು ದಿನವೂ ತವರಿಗೆ ಹೋಗುವಂತಿಲ್ಲ.’ ಒಂಟಿತನ ಆ ಮನೆಯೊಳಗೆ ಹೇಗೆ ಬೆಳೆಯಿತು ಎಂಬುದು ಈ ಮೂರು ವಾಕ್ಯಗಳಲ್ಲಿದೆ. ಇಂಥದ್ದನ್ನು ಅನುಬಂಧಕ್ಕೆ ತಳ್ಳಿ ದಶಮಾಂಶವನ್ನು ಮುಂದಿಟ್ಟರೆ ನನಗೆ ಸಂಕಟವಾಗುತ್ತದೆ.

ಅಂಕಿಗಳ ಮೇಲೆ ನನಗೆ ಮುನಿಸಿಲ್ಲ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ ಶೇ 10.6ರಷ್ಟು ಮಂದಿಗೆ ಮಾನಸಿಕ ಅನಾರೋಗ್ಯವಿರುವುದು ಕಂಡುಬಂತು. ಎಂಟು ಮನೆಗಳ ಮಾತುಕತೆಯಿಂದ ಇದು ತಿಳಿಯುವುದಿಲ್ಲ. ಆದರೆ ಮೊತ್ತವೂ ಕೆಲವನ್ನು ಮುಚ್ಚಿಡುತ್ತದೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9ರಲ್ಲಿ ಒಂಬತ್ತು ಪ್ರಶ್ನೆಗಳು, ಪ್ರತಿಯೊಂದಕ್ಕೂ 0ಯಿಂದ 3 ಅಂಕ. ಬಾಣಂತಿಯೊಬ್ಬಳಿಗೆ ನಿದ್ದೆ, ಸುಸ್ತು, ಹಸಿವು, ಏಕಾಗ್ರತೆಯ ಪ್ರಶ್ನೆಗಳಿಂದಲೇ 12 ಬರಬಹುದು. ಇನ್ನೊಬ್ಬರ 12ರಲ್ಲಿ ಸಾವಿನ ಯೋಚನೆಯೂ ಸೇರಿರಬಹುದು. ಇಬ್ಬರೂ ‘ಮಧ್ಯಮ’ ಎಂಬ ಒಂದೇ ಖಾನೆಗೆ ಬೀಳುತ್ತಾರೆ. ಬಾಣಂತಿಯ ಅಂಕವನ್ನು ಹಗುರವಾಗಿ ಕಾಣಬಹುದು ಎಂದು ಯಾರೂ ತಿಳಿಯಬಾರದು. ಇಬ್ಬರನ್ನೂ ಕೂರಿಸಿಕೊಂಡು ಕೇಳಲೇಬೇಕು.

ಸಂದರ್ಶನಗಳಲ್ಲಿ ಎಣಿಕೆಯೇ ಸಲ್ಲದು ಎನ್ನಲಾರೆ. ‘ಐವರು ತಾವಾಗಿಯೇ ಒಂಟಿತನದ ಮಾತೆತ್ತಿದರು’ ಎಂದು ಬರೆಯಿರಿ, ಸಾಕು. ಶೇಕಡಾವಾರು ಬೇಕೇ ಬೇಕೆಂದರೆ ಆ ಐವರ ಮಾತುಗಳಿಂದಲೇ ಪ್ರಶ್ನೆಗಳನ್ನು ರೂಪಿಸಿ, ನೂರಾರು ಮನೆಗಳಿಗೆ ಹೋಗಿ ಕೇಳಿ. ಆ ಕೆಲಸಕ್ಕೆ ಸ್ನಾತಕೋತ್ತರ ಪ್ರಬಂಧದ ಅವಧಿ ಸಾಮಾನ್ಯವಾಗಿ ಸಾಲದು. ಮಾರ್ಗದರ್ಶಕರು ಇದನ್ನು ವಿಷಯ ಆರಿಸುವ ದಿನವೇ ಹೇಳಬೇಕು.