ಮನೆಯಲ್ಲಿ ತುಂಬಿದ ತೋಟೆ ಮತ್ತು ಆತ್ಮರಕ್ಷಣೆಯ ಹಕ್ಕು

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಕಡೆಯ ಅಡಿಕೆ ಕೃಷಿಕರು ಕೋವಿಯ ಪರವಾನಗಿ ನವೀಕರಣದ ಕಾಗದಪತ್ರಗಳೊಂದಿಗೆ ವಕೀಲರ ಕಚೇರಿಗೆ ಬಂದಾಗ, ಬಂದ ಕೆಲಸ ಮುಗಿದ ಮೇಲೆ ಕೇಳುವ ಪ್ರಶ್ನೆಯೊಂದಿದೆ. ಹಾರಿಸಿದ ಖಾಲಿ ತೋಟೆಗೆ, ಅಂದರೆ ಕೋವಿಯ ಕಾಡತೂಸಿಗೆ, ಮತ್ತೆ ಮದ್ದು, ಚರೆ (ಸಣ್ಣ ಸೀಸದ ಗುಂಡುಗಳು) ತುಂಬಿಸಿ ಇಟ್ಟುಕೊಳ್ಳಬಹುದೇ, ಒಂಟಿ ಮನೆಗೆ ರಾತ್ರಿ ಕಳ್ಳರು ನುಗ್ಗಿದರೆ ಅದು ಸಾಲದೇ ಎಂಬುದು ಆ ಪ್ರಶ್ನೆ. ಇಟ್ಟುಕೊಳ್ಳಬಾರದು ಎಂಬುದೇ ನನ್ನ ಉತ್ತರ. ಕಾನೂನು ಒಪ್ಪುವುದಿಲ್ಲ ಎಂಬುದು ಇದಕ್ಕೆ ಮೊದಲ ಕಾರಣವಾದರೂ, ಅದಕ್ಕಿಂತ ಆಳವಾದ ಇನ್ನೊಂದು ಕಾರಣವಿದೆ.

ಮೊದಲು ಕಾನೂನನ್ನು ನೋಡೋಣ. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಕಲಮಿನಡಿ ನಮಗೆ ಸಿಗುವುದು ಕೋವಿ ಮತ್ತು ತೋಟೆಗಳನ್ನು ಇರಿಸಿಕೊಳ್ಳುವ ಪರವಾನಗಿ. ಅವುಗಳ ತಯಾರಿಕೆಗೆ 5ನೇ ಕಲಮಿನಡಿ ಬೇರೆಯೇ ಪರವಾನಗಿ ಬೇಕು. ತೋಟೆಯ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರವನ್ನೂ ಕಾಯ್ದೆಯು ಮದ್ದುಗುಂಡಿನ ವ್ಯಾಖ್ಯೆಯೊಳಗೇ ಸೇರಿಸಿರುವುದರಿಂದ, ಖಾಲಿ ತೋಟೆಗೆ ಮತ್ತೆ ಮದ್ದು ತುಂಬುವುದನ್ನು ಮನೆಯ ಸಣ್ಣ ದುರಸ್ತಿ ಎಂದು ವಾದಿಸಲು ನನಗೆ ದಾರಿ ಕಾಣುವುದಿಲ್ಲ. 2019ರ ತಿದ್ದುಪಡಿಯ ಬಳಿಕ ಪರವಾನಗಿಯಿಲ್ಲದ ತಯಾರಿಕೆಗೆ ಕನಿಷ್ಠ ಏಳು ವರ್ಷಗಳಿಂದ ಜೀವಾವಧಿಯವರೆಗೆ ಸೆರೆವಾಸದ ಶಿಕ್ಷೆಯಿದೆ. ಹಕ್ಕಿಗೆಂದು ತಯಾರಾದ ಸಣ್ಣ ಚರೆಯ ತೋಟೆಯ ಬಾಯಿ ಕತ್ತರಿಸಿ, ಕಾಡುಹಂದಿಗೆ ಆಗಲಿ ಎಂದು ದೊಡ್ಡ ಗುಂಡುಗಳನ್ನು ತುಂಬಿಸುವ ರೂಢಿಯೂ ಅಲ್ಲಲ್ಲಿ ಇದೆ. ಅದು ಅಪಾಯಕಾರಿಯಾದ ಕೆಲಸ. ದುರ್ಬಲವಾದ ಈಡಿನಲ್ಲಿ ಮದ್ದಿಗೂ ಚರೆಗೂ ನಡುವಿನ ಬೆಣೆ ನಳಿಗೆಯಲ್ಲೇ ಸಿಕ್ಕಿಕೊಂಡು, ಅದನ್ನು ಗಮನಿಸದೆ ಹೊಡೆದ ಮುಂದಿನ ಈಡಿಗೆ ನಳಿಗೆ ಒಡೆಯಬಹುದು. ಅದು ಒಡೆಯುವುದು ಹೊಡೆಯುವವನ ಎಡಗೈಯ ಹತ್ತಿರ ಎಂಬುದನ್ನು ಮರೆಯಬಾರದು.

ಇನ್ನು ಆಳವಾದ ಕಾರಣ. ಆತ್ಮರಕ್ಷಣೆಯ ಹಕ್ಕು ಹಿಂದೆ ಭಾರತೀಯ ದಂಡಸಂಹಿತೆಯ 96ರಿಂದ 106ರವರೆಗಿನ ಕಲಮುಗಳಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿದೆ. ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡಬಾರದು ಎಂಬ ಮಿತಿ ಅದಕ್ಕಿದೆ, ಮತ್ತು ಆ ಸಂದರ್ಭವಿತ್ತೆಂದು ತೋರಿಸುವ ಹೊಣೆ ಆರೋಪಿಯದು. ಸಂಶಯಾತೀತವಾಗಿ ಸಾಬೀತು ಮಾಡಬೇಕಾಗಿಲ್ಲ, ಹಾಗೆ ನಡೆದಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. 2010ರ ದರ್ಶನ್ ಸಿಂಗ್ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಹಕ್ಕಿನ ತತ್ತ್ವಗಳನ್ನೆಲ್ಲ ಒಂದೆಡೆ ಹೇಳಿದೆ. ಆದರೆ ಒಂಟಿ ಮನೆಯಲ್ಲಿ, ನಡುರಾತ್ರಿ, ಸಾಕ್ಷಿಯಿಲ್ಲದೆ ನಡೆದ ಘಟನೆಯಲ್ಲಿ ಆ ಸಂಭವವನ್ನು ತೋರಿಸುವುದು ಹೇಗೆ? ಬಂದವನು ನಾಲ್ಕು ಹೆಜ್ಜೆ ದೂರದಲ್ಲಿ ಕತ್ತಿ ಎತ್ತಿಕೊಂಡು ಬರುತ್ತಿದ್ದನೋ, ಅಂಗಳ ದಾಟಿ ಓಡುತ್ತಿದ್ದನೋ ಎಂಬುದರ ಮೇಲೆಯೇ ಎಷ್ಟೋ ಸಲ ಪ್ರಕರಣ ನಿಲ್ಲುತ್ತದೆ.

ಆ ದೂರವನ್ನು ಅಳೆಯುವುದು ತೋಟೆಯ ಮೂಲಕ. ಹನ್ನೆರಡು ಬೋರಿನ ಕೋವಿಯಿಂದ ಹೊರಟ ಚರೆ, ದೂರ ಹೆಚ್ಚಿದಂತೆ ಅಗಲವಾಗಿ ಹರಡುತ್ತದೆ. ತೀರ ಹತ್ತಿರದಿಂದ ಹೊಡೆದಿದ್ದರೆ ಬಟ್ಟೆ ಮತ್ತು ಚರ್ಮದ ಮೇಲೆ ಮಸಿಯೂ ಪೂರ್ತಿ ಉರಿಯದ ಮದ್ದಿನ ಕಣಗಳೂ ಉಳಿಯುತ್ತವೆ. ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞರು ಅದೇ ಕೋವಿಯಿಂದ, ಅದೇ ಬಗೆಯ ತೋಟೆಯನ್ನು, ಅಳತೆ ಮಾಡಿದ ದೂರಗಳಿಂದ ಗುರಿಯ ಮೇಲೆ ಹಾರಿಸಿ, ಗಾಯದಲ್ಲಿ ಕಂಡ ಗುರುತಿನೊಡನೆ ಹೋಲಿಸುತ್ತಾರೆ. ಈ ಇಡೀ ಲೆಕ್ಕ ನಿಂತಿರುವುದು ‘ಅದೇ ಬಗೆಯ ತೋಟೆ’ ಎಂಬುದರ ಮೇಲೆ. ಪುಣೆ ಸಮೀಪದ ಖಡ್ಕಿಯ ಕಾರ್ಖಾನೆಯಿಂದ ಬಂದ ಶಕ್ತಿಮಾನ್ ತೋಟೆಯಾದರೆ, ಪೆಟ್ಟಿಗೆಯಲ್ಲಿ ಉಳಿದವುಗಳನ್ನೇ ಹಾರಿಸಿ ನೋಡಬಹುದು. ಅಟ್ಟದ ಮೇಲೆ ಕುಳಿತು ನೀವೇ ತುಂಬಿದ್ದಾದರೆ ಮದ್ದು ಎಷ್ಟು, ಬೆಣೆ ಯಾವುದು, ಚರೆ ಎಷ್ಟು ಎಂಬುದಕ್ಕೆ ನಿಮ್ಮ ಮಾತಿನ ಹೊರತು ಆಧಾರವಿಲ್ಲ. ಆರೋಪಿಯ ಆ ಮಾತನ್ನು ನಂಬಿ ತಜ್ಞರು ಪರೀಕ್ಷೆ ನಡೆಸುತ್ತಾರೆಂದು ನಿರೀಕ್ಷಿಸಲಾಗದು.

ಅಮೆರಿಕದ ನ್ಯೂಜೆರ್ಸಿಯ ಒಂದು ಪ್ರಕರಣವನ್ನು ಅಲ್ಲಿಯವರು ಈ ಸಂದರ್ಭದಲ್ಲಿ ಮತ್ತೆ ಮತ್ತೆ ನೆನೆಯುತ್ತಾರೆ. 1989ರಲ್ಲಿ ಮಹಿಳೆಯೊಬ್ಬರು ಗುಂಡೇಟಿನಿಂದ ಮೃತರಾದರು. ಆಕೆಯೇ ರಿವಾಲ್ವರ್ ಹಿಡಿದಿದ್ದಳೆಂದು ಗಂಡ ಹೇಳಿದ. ರಿವಾಲ್ವರಿನಲ್ಲಿದ್ದುದು ಮನೆಯಲ್ಲಿ ಹಗುರವಾಗಿ ಮದ್ದು ತುಂಬಿದ ತೋಟೆ. ಪ್ರಯೋಗಾಲಯ ಹಾರಿಸಿ ನೋಡಿದ್ದು ಕಾರ್ಖಾನೆಯ ತೋಟೆಗಳನ್ನು. ಅವು ಹತ್ತಿರದಿಂದ ಬಿಡುವಷ್ಟು ಮದ್ದಿನ ಗುರುತು ಗಾಯದಲ್ಲಿ ಕಾಣದ ಕಾರಣ, ಗುಂಡು ಆಕೆಯ ಕೈಗೆಟುಕದ ದೂರದಿಂದ ಬಂದಿದೆ ಎಂಬ ನಿಲುವಿಗೆ ಎಡೆಯಾಯಿತು. ಹಲವು ವಿಚಾರಣೆಗಳ ನಂತರ ಕೊಲೆಗಿಂತ ಕೆಳಗಿನ ನರಹತ್ಯೆಯ ಅಪರಾಧಕ್ಕೆ ಗಂಡ ತಪ್ಪಿತಸ್ಥನಾದ. ಅದು ಆತ್ಮರಕ್ಷಣೆಯ ಪ್ರಕರಣವಲ್ಲ, ತೀರ್ಪಿಗೆ ತೋಟೆಯೊಂದೇ ಕಾರಣವೆಂದೂ ನಾನು ಹೇಳಲಾರೆ. ದೂರದ ಪರೀಕ್ಷೆ ಎಲ್ಲಿ ಸೋಲುತ್ತದೆ ಎಂಬುದನ್ನು ಮಾತ್ರ ಅದು ಸ್ಪಷ್ಟವಾಗಿ ತೋರಿಸುತ್ತದೆ. ಕೈಯಿಂದ ತುಂಬುವುದು ಕಾನೂನುಬದ್ಧವಾಗಿರುವ ಆ ದೇಶದಲ್ಲೇ ಹೀಗಾದರೆ, ತುಂಬುವುದೇ ಅಪರಾಧವಾಗಬಲ್ಲ ನಮ್ಮಲ್ಲಿ ಆರೋಪಿಯ ಪಾಡೇನು? ಕೊಲ್ಲಲೆಂದೇ ಬಿರುಸಾಗಿ ತುಂಬಿದ್ದಾನೆ ಎಂಬ ವಾದವನ್ನು ಸರ್ಕಾರಿ ವಕೀಲರ ಕೈಗೆ ನಾವೇ ಕೊಟ್ಟಂತಾಗುತ್ತದೆ.

ನಮ್ಮ ಊರುಗಳ ಕೇಪಿನ ಕೋವಿಯ ವಿಷಯ ಬೇರೆ. ಬೆಳೆ ರಕ್ಷಣೆಗಾಗಿ ಇಂಥ, ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು, ಸ್ವರಕ್ಷಣೆಗಾಗಿ ಅಥವಾ ಕ್ರೀಡೆಗಾಗಿ ಕನಿಷ್ಠ 20 ಇಂಚು ನಳಿಗೆಯ ನುಣುಪು ಬೋರಿನ (ನಳಿಗೆಯ ಒಳಗೆ ಗೆರೆಗಳಿಲ್ಲದ) ಕೋವಿಯನ್ನು ಕಾಯ್ದೆಯ 13ನೇ ಕಲಮು ಪ್ರತ್ಯೇಕವಾಗಿ ಹೆಸರಿಸುತ್ತದೆ. ಕೇಪಿನ ಕೋವಿಯಲ್ಲಿ ಪ್ರತಿ ಈಡೂ ಕೈಯಿಂದಲೇ ತುಂಬಿದ್ದು. ಪರವಾನಗಿಯ ಮಿತಿಯೊಳಗೆ ಅದು ತಪ್ಪಲ್ಲ. ಆದರೆ ದೂರದ ಪರೀಕ್ಷೆಯ ತೊಡಕು ಅದಕ್ಕೂ ಅಷ್ಟೇ ಇದೆ. ಕಾಸರಗೋಡಿನ ಜಡಿಮಳೆಯಲ್ಲಿ ಕರಿಮದ್ದು ತೇವ ಹೀರಿ ಈಡು ಹಾರದೇ ಇರುವುದೂ ಉಂಟು. ಹಂದಿ ಕಾಯಲೆಂದು ಪಡೆದ ಕೇಪಿನ ಕೋವಿಯನ್ನು ಮನೆ ಕಾಯುವ ಆಯುಧವೆಂದು ನೆಚ್ಚಿಕೊಳ್ಳಬೇಡಿರೆಂದು ಕೃಷಿಕರಲ್ಲಿ ನಾನು ಕಳಕಳಿಯಿಂದ ವಿನಂತಿಸುತ್ತೇನೆ.

ಕೊಳ್ಳುವಾಗ ಪರವಾನಗಿಯುಳ್ಳ ವ್ಯಾಪಾರಿಯಿಂದ ಬಿಲ್ಲಿನೊಡನೆ ಕೊಂಡು, ಪರವಾನಗಿಯ ಪುಸ್ತಕದಲ್ಲಿ ದಾಖಲೆ ಮಾಡಿಸಿ, ಲಾಟ್ ಸಂಖ್ಯೆಯಿರುವ (ಒಟ್ಟಿಗೆ ತಯಾರಾದ ತಂಡದ ಸಂಖ್ಯೆ) ಪೆಟ್ಟಿಗೆಯನ್ನು ಎಸೆಯದೆ ಇಡಬೇಕು. ಬೇರೆ ಬೇರೆ ಲಾಟುಗಳ ತೋಟೆಗಳನ್ನು ಬೆರೆಸಬಾರದು. ಹಳೆಯ ಕೋವಿಯಾದರೆ ಅದರ ಗೂಡು (ತೋಟೆ ಕೂರುವ ಜಾಗ) 65 ಮಿಲಿಮೀಟರ್ ತೋಟೆಯದೋ 70ರದೋ ಎಂದು ಬಲ್ಲವರಿಂದ ತಿಳಿದುಕೊಳ್ಳಬೇಕು. ಗಿಡ್ಡ ಗೂಡಿನಲ್ಲಿ ಉದ್ದದ ತೋಟೆ ಹಾರಿಸಿದರೆ ಒತ್ತಡ ಮಿತಿಮೀರುತ್ತದೆ. ಮಳೆಗಾಲದಲ್ಲಿ ಉಬ್ಬಿದ ಅಥವಾ ಹಿತ್ತಾಳೆಯ ಬುಡ ಹಸಿರುಗಟ್ಟಿದ ತೋಟೆಗಳನ್ನು ಬಿಚ್ಚಲು ಹೋಗದೆ, ವ್ಯಾಪಾರಿಗೋ ಠಾಣೆಗೋ ಒಪ್ಪಿಸಿ ರಸೀದಿ ಪಡೆಯಿರಿ. ಆ ರಸೀದಿ ಮಲಯಾಳದಲ್ಲಿದ್ದು ಓದಲು ಬಾರದಿದ್ದರೆ, ಅದರಲ್ಲಿ ಬರೆದ ತೋಟೆಗಳ ಸಂಖ್ಯೆಯನ್ನು ಬಲ್ಲವರಿಂದ ಓದಿಸಿಕೊಂಡ ಮೇಲೆಯೇ ಸಹಿ ಹಾಕಿರಿ.