ಫೋರ್ಡ್ ಡ್ಯಾಂ ಕಟ್ಟಿದ್ದು ಫೋರ್ಡ್ ಅಲ್ಲ, ಮಾರಾಯ್ರೇ!

ಪ್ರಶ್ನೆ: ಕಾರು ಮಾಡುವ ಫೋರ್ಡ್ ಕಂಪನಿ ಮಿಸಿಸಿಪ್ಪಿ ನದಿಗೆ ಡ್ಯಾಂ ಕಟ್ಟಿ ಕರೆಂಟ್ ತೆಗೆಯುತ್ತಿತ್ತಂತೆ, ನಿಜವಾ ಸರ್?

ಕರೆಂಟ್ ತೆಗೆದದ್ದು ನಿಜ. ಡ್ಯಾಂ ಕಟ್ಟಿದ್ದು ಸುಳ್ಳು. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ತಿರುಗಿ ಬರುತ್ತದೆ. ಈ ಸಲ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ನಡುವಿನ ಆ ಡ್ಯಾಮಿಗೆ ಅಲ್ಲಿಯ ಜನ 'ಫೋರ್ಡ್ ಡ್ಯಾಂ' ಅನ್ನುತ್ತಾರೆ. ಎಲ್ಲ ಗೊಂದಲ ಅಲ್ಲಿಂದಲೇ ಶುರು. ಸರ್ಕಾರಿ ಕಾಗದದಲ್ಲಿ ಅದು 'ಲಾಕ್ ಅಂಡ್ ಡ್ಯಾಂ ನಂಬರ್ 1' (ಲಾಕ್ ಅಂದರೆ ಡ್ಯಾಂ ದಾಟಲು ಹಡಗನ್ನು ನೀರಿನಲ್ಲೇ ಏರಿಸಿ ಇಳಿಸುವ ಕಟ್ಟೆ). ಕಟ್ಟಿದವರು ಅಮೆರಿಕದ ಸೇನೆಯ ಎಂಜಿನಿಯರುಗಳು, ಹಡಗುಗಳು ಓಡಾಡಲಿ ಅಂತ. ಮೊದಲು ಎರಡು ಗಿಡ್ಡ ಡ್ಯಾಂ ಸಾಕು ಅಂದುಕೊಂಡಿದ್ದರು. ಅದರಲ್ಲಿ ಮೀಕರ್ ದ್ವೀಪದ ಹತ್ತಿರದ್ದು 1907ರಲ್ಲಿ ಮುಗಿದೂ ಹೋಗಿತ್ತು. ಆಮೇಲೆ, ಎತ್ತರದ್ದು ಒಂದೇ ಕಟ್ಟಿದರೆ ಕರೆಂಟೂ ಸಿಗುತ್ತದಲ್ಲ ಅಂತ ಮನಸ್ಸು ಬದಲಾಯಿತು. ಐದೇ ವರ್ಷಕ್ಕೆ ಮೀಕರ್ ಡ್ಯಾಮಿನ ಮೇಲ್ಭಾಗ ಒಡೆದು ಹಾಕಿದರು! ಎತ್ತರದ ಡ್ಯಾಂ 1917ರಲ್ಲಿ ಮುಗಿಯಿತು. ಅಲ್ಲಿ ಕರೆಂಟ್ ತೆಗೆಯಲು ಫೋರ್ಡ್‌ಗೆ ಲೈಸೆನ್ಸ್ ಸಿಕ್ಕಿದ್ದು 1923ರಲ್ಲಿ. ಆರು ವರ್ಷ ಮೊದಲೇ ನಿಂತಿದ್ದ ಡ್ಯಾಮನ್ನು ಅವರು ಕಟ್ಟಿದ್ದು ಯಾವಾಗ? ನೀವೇ ಲೆಕ್ಕ ಹಾಕಿ.

ಫೋರ್ಡ್ ಕಟ್ಟಿದ್ದು ಸೇಂಟ್ ಪಾಲ್ ದಡದ ಪವರ್‌ಹೌಸ್ ಮಾತ್ರ, 1924ರಲ್ಲಿ. ನೀರು ಬೀಳುವ ಎತ್ತರ ಸುಮಾರು 11 ಮೀಟರ್ ಅಷ್ಟೇ. ಆದರೆ ಮಿಸಿಸಿಪ್ಪಿಯಲ್ಲಿ ನೀರಿಗೆ ಬರವಿಲ್ಲವಲ್ಲ, ನಾಲ್ಕು ಟರ್ಬೈನ್ ತಿರುಗಿದವು. ದಡದ ಮೇಲಿನ ದಿಣ್ಣೆಯಲ್ಲಿ ಮರುವರ್ಷ ಕಾರ್ಖಾನೆ ಶುರುವಾಯಿತು. ಅದರ ಕೆಳಗಿನ ಮರಳುಗಲ್ಲನ್ನೇ ತೋಡಿ ಕಾರಿಗೆ ಗಾಜು ಮಾಡಿದರು. ಕಾಸು ಉಳಿಸುವುದರಲ್ಲಿ ಹೆನ್ರಿ ಫೋರ್ಡ್ ಗಟ್ಟಿಗ. ಹಡ್ಸನ್ ನದಿಯ ಗ್ರೀನ್ ಐಲೆಂಡಿನಲ್ಲೂ ಅದೇ ಕಥೆ: ಡ್ಯಾಂ ಸರ್ಕಾರದ್ದು, ಪವರ್‌ಹೌಸ್ ಫೋರ್ಡ್‌ದು.

ಹಾಗಂತ ಫೋರ್ಡ್ ಕಂಪನಿ ಎಲ್ಲೂ ಡ್ಯಾಂ ಕಟ್ಟಿಯೇ ಇಲ್ಲ ಅಂತಲ್ಲ. ಮಿಶಿಗನ್‌ನ ಇಪ್ಸಿಲಾಂಟಿಯಲ್ಲಿ ಕಟ್ಟಿದ್ದರು, ಹ್ಯೂರಾನ್ ನದಿಗೆ. ಅದರ ಹಿಂದಿನ ಕೆರೆಗೆ ಈಗಲೂ ಫೋರ್ಡ್ ಲೇಕ್ ಅಂತಲೇ ಹೆಸರು.

ಇನ್ನೊಂದು ಮಾತು, ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. 1921ರಲ್ಲಿ ಫೋರ್ಡ್ ಅಲಬಾಮಾದ ಮಸಲ್ ಶೋಲ್ಸ್ ಮೇಲೂ ಕಣ್ಣು ಹಾಕಿದ್ದ. ಅಲ್ಲಿಯ ಸರ್ಕಾರಿ ನೈಟ್ರೇಟ್ ಕಾರ್ಖಾನೆಗಳಿಗೆ 50 ಲಕ್ಷ ಡಾಲರ್ ಕೊಡ್ತೀನಿ, ವಿಲ್ಸನ್ ಡ್ಯಾಂ 100 ವರ್ಷ ಗುತ್ತಿಗೆಗೆ ಕೊಡಿ ಅಂದ. ಸೆನೆಟರ್ ಜಾರ್ಜ್ ನಾರಿಸ್ ಜಗ್ಗಲಿಲ್ಲ. ನದಿಯ ಕರೆಂಟ್ ಜನರದ್ದಾಗಿರಬೇಕು ಅನ್ನುವುದು ಅವರ ಹಟ. 1924ರಲ್ಲಿ ಫೋರ್ಡ್ ಕೈಬಿಟ್ಟ. 1933ರಲ್ಲಿ ಸರ್ಕಾರ ಟಿವಿಎ (ಟೆನೆಸ್ಸೀ ವ್ಯಾಲಿ ಅಥಾರಿಟಿ) ಅಂತ ತನ್ನದೇ ಸಂಸ್ಥೆ ಮಾಡಿ ಆ ಡ್ಯಾಮನ್ನು ಅದರ ಕೈಗೆ ಕೊಟ್ಟಿತು.